ಎಲ್ಲಿ ಇಡುತ್ತೀರಿ ಎಂದು ನಾನು ಕೇಳಲಿಲ್ಲ

2014ರ ಮಾರ್ಚ್ ತಿಂಗಳ ಮೊದಲ ಶನಿವಾರ, ಮಧ್ಯಾಹ್ನ ಒಂದೂ ಮುಕ್ಕಾಲಿಗೆ, ಪರ್ತ್ ನಗರದಿಂದ ದಕ್ಷಿಣಕ್ಕೆ ಸುಮಾರು ನೂರೆಪ್ಪತ್ತು ಕಿಲೋಮೀಟರ್ ದೂರದ ಕಡಲ ಬದಿಯ ಕ್ಯಾಂಪ್ ಒಂದರಲ್ಲಿ, ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಒಂದು ಬಿಳಿ ಕ್ಯಾರವಾನಿನ ಎಡಪಕ್ಕಕ್ಕೆ ನಾನು ನಿಂತಿದ್ದೆ. ಕ್ಯಾರವಾನಿನ ಬಾಗಿಲ ಬದಿಗೆ ಅನೆಕ್ಸ್ ಕಟ್ಟಿದ್ದರು. ಅನೆಕ್ಸ್ ಎಂದರೆ ಜಿಪ್ ಹಾಕಿ ಮುಚ್ಚಬಹುದಾದ ಕ್ಯಾನ್ವಾಸಿನ ಕೋಣೆ. ಅದರ ಜಿಪ್‌ಗೂ ನನಗೂ ನಡುವೆ ನಾಲ್ಕು ಹೆಜ್ಜೆ ಇತ್ತು. ಒಳಗೆ ಹಿಂದಿನ ದಿನ ನಾನೇ ಮಾರಿದ ಜನರೇಟರ್ ಓಡುತ್ತಿತ್ತು. ಅದರ ಆಚೆ, ಕ್ಯಾರವಾನಿನಲ್ಲಿ, ಮೈಸೂರಿನಿಂದ ಬಂದಿದ್ದ ಅರವತ್ತೆಂಟು ವರ್ಷದ ರುಕ್ಮಿಣಮ್ಮ ತಲೆನೋವೆಂದು ಮಲಗಿದ್ದರು.

ಅವರು ಏಳುತ್ತಾರೋ ಇಲ್ಲವೋ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಅಂದು ಕಂಡದ್ದನ್ನಷ್ಟೇ ಬರೆಯಬೇಕೆಂದುಕೊಂಡಿದ್ದೇನೆ. ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯುತ್ತೇನೆ.

ಆಗ ನಾನು ಪರ್ತ್‌ನ ಕ್ಯಾನಿಂಗ್ ವೇಲ್‌ನ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಜನರೇಟರ್‌ಗಳನ್ನು ಮಾರುವ ಮತ್ತು ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಕೌಂಟರ್ ನೋಡಿಕೊಳ್ಳುತ್ತಿದ್ದವರು ಗ್ಲೆನಿಸ್. ಅವರಿಗೆ ಆಗ ಅರವತ್ತೆರಡು ವರ್ಷ. ಅದಕ್ಕೆ ಮೊದಲು ಅಡಿಲೇಡ್‌ನ ಕಿಲ್ಬರ್ನ್‌ನಲ್ಲಿ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದಿದ್ದರು. ಡಿಗ್ರಿ ಇರಲಿಲ್ಲ. ಎಂಜಿನ್ ಶಬ್ದ ಕೇಳಿಯೇ ಕಾರ್ಬ್ಯುರೇಟರ್ ಕಟ್ಟಿಕೊಂಡಿದೆಯೋ ಪ್ಲಗ್ ಹೋಗಿದೆಯೋ ಹೇಳುತ್ತಿದ್ದರು.

ಕ್ಯಾಂಪಿಂಗಿಗೆಂದು ಯಾರಾದರೂ ಜನರೇಟರ್ ಕೇಳಿಕೊಂಡು ಬಂದರೆ ಗ್ಲೆನಿಸ್ ಬೆಲೆಪಟ್ಟಿ ತೆಗೆಯುತ್ತಿರಲಿಲ್ಲ. ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಕ್ಯಾರವಾನಿನ ಗಾತ್ರದ ಒಂದು ಚೌಕ ಬರೆದು, ಬಾಗಿಲು, ಕಿಟಕಿ ಗುರುತು ಮಾಡಿ, ಗಿರಾಕಿಯ ಕೈಗೇ ಜನರೇಟರ್ ಕೊಟ್ಟು "ಎಲ್ಲಿ ಇಡ್ತೀರಿ? ಇಟ್ಟು ತೋರಿಸಿ" ಎನ್ನುತ್ತಿದ್ದರು. ಇಟ್ಟ ಮೇಲೆ ಅದನ್ನು ಸ್ಟಾರ್ಟ್ ಮಾಡಿ, ಹೊಗೆ ಬರುವ ಕೊಳವೆಯ ಮುಂದೆ ಒಂದು ಟಿಶ್ಯೂ ಕಾಗದ ಹಿಡಿಯುತ್ತಿದ್ದರು. ಕಾಗದ ಸೀಮೆಸುಣ್ಣದ ಬಾಗಿಲ ಕಡೆ ಹಾರಿದರೆ "ಇನ್ನೂ ದೂರ" ಎನ್ನುತ್ತಿದ್ದರು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ನನಗೆ ಅದು ಸ್ವಲ್ಪ ನಾಟಕದಂತೆ ಕಾಣುತ್ತಿತ್ತು. ಎಷ್ಟು ವ್ಯಾಟ್ ಬೇಕೆಂದು ಲೆಕ್ಕ ಹಾಕಿಕೊಟ್ಟರೆ ಎರಡು ನಿಮಿಷದ ಕೆಲಸ ಎಂದು ನಾನು ಅಂದುಕೊಂಡಿದ್ದೆ.

ಶುಕ್ರವಾರ ಮಧ್ಯಾಹ್ನ ಗ್ಲೆನಿಸ್ ಫ್ರೀಮ್ಯಾಂಟಲ್ ಬಂದರಿಗೆ ಹೋಗಿದ್ದರು, ನಮ್ಮದೊಂದು ಕಂಟೇನರ್ ಬಿಡಿಸಿಕೊಳ್ಳಲು. ಕೌಂಟರಿನಲ್ಲಿ ನಾನಿದ್ದೆ. ನಾಲ್ಕೂವರೆಗೆ ಗುರುಪ್ರಸಾದ್ ಬಂದರು. ಗಣಿ ಕಂಪನಿಯೊಂದರಲ್ಲಿ ಜಿಯಾಲಜಿಸ್ಟ್, ಮೂವತ್ತೆಂಟು ವರ್ಷ.

"ಸರ್, ಇಲ್ಲಿ ಕನ್ನಡದವ್ರು ಇದಾರೆ ಅಂತ ಕೇಳಿ ಹುಡುಕ್ಕೊಂಡು ಬಂದೆ. ನಾಳೆ ಲಾಂಗ್ ವೀಕೆಂಡ್‌ಗೆ ಹೊರಟಿದೀವಿ. ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತಗೊಂಡೆ. ಎ.ಸಿ. ಓಡ್ಬೇಕು, ಗ್ರೈಂಡರ್ ಓಡ್ಬೇಕು. ಎರಡು ಕೆವಿಎ ಸಾಕಾ?"

"ಗ್ರೈಂಡರ್ ಯಾಕ್ರೀ? ಕ್ಯಾಂಪಿಂಗಿಗೆ ಜನ ಬ್ರೆಡ್ಡು ತಗೊಂಡು ಹೋಗ್ತಾರೆ."

"ಮೂರು ಫ್ಯಾಮಿಲಿ ಸರ್. ನಮ್ಮತ್ತೆ ಬೇರೆ ಮೈಸೂರಿಂದ ಬಂದಿದಾರೆ. ಮಿಕ್ಸೀಲಿ ರುಬ್ಬಿದ್ದು ಹಿಟ್ಟೇ ಅಲ್ಲ, ಗ್ರೈಂಡರ್ ಇಲ್ದಿದ್ರೆ ನೀವು ಹೋಗ್ಬನ್ನಿ, ನಾನು ಮನೇಲೇ ಇರ್ತೀನಿ ಅಂದ್ಬಿಟ್ರು."

ಇಬ್ಬರೂ ನಕ್ಕೆವು. ನಾನು ಕಾಗದ ತೆಗೆದುಕೊಂಡೆ. ಮೋಟಾರು ಇರುವ ಯಾವ ಉಪಕರಣವಾದರೂ ಓಡುವಾಗ ಎಳೆಯುವ ಕರೆಂಟಿಗಿಂತ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟು ಎಷ್ಟೋ ಪಾಲು ಹೆಚ್ಚು. ನಿಂತ ಕಾರನ್ನು ತಳ್ಳುವಾಗ ಮೊದಲ ನೂಕಿಗೆ ಹೆಚ್ಚು ಜನ ಬೇಕಾಗುವ ಹಾಗೆ. ಅವರ ಎ.ಸಿ. ಓಡುವಾಗ ಸಾವಿರದ ಇನ್ನೂರು ವ್ಯಾಟ್ ಎಳೆಯುತ್ತಿತ್ತು, ಶುರುವಾಗುವಾಗ ಮೂರು ಸಾವಿರ. ಗ್ರೈಂಡರ್ ಹಬ್ಬಹರಿದಿನಕ್ಕೆ ಇಟ್ಟುಕೊಂಡಿದ್ದ ದೊಡ್ಡದು, ಓಡುವಾಗ ನಾನೂರು, ಶುರುವಾಗುವಾಗ ಸಾವಿರದ ಐನೂರು. ಎರಡನ್ನೂ ಒಟ್ಟಿಗೆ ಹಾಕಿದರೆ ನಾಲ್ಕೂವರೆ ಸಾವಿರ. ಒಂದು ಕೆವಿಎ ಎಂದರೆ ಹೆಚ್ಚುಕಡಿಮೆ ಸಾವಿರ ವ್ಯಾಟ್. ಹಾಗಾಗಿ ಆರು ಕೆವಿಎ ಜನರೇಟರ್ ಬೇಕೆಂದು ಬರೆದುಕೊಟ್ಟೆ. ಅದು ಸುತ್ತ ಹೊದಿಕೆ ಇಲ್ಲದ, ಬರೀ ಕಬ್ಬಿಣದ ಚೌಕಟ್ಟಿನ ಯಂತ್ರ. ಎಂಬತ್ತು ಕಿಲೋ ತೂಕ, ಕೆಳಗೆ ಚಕ್ರ. ಶಬ್ದ ಬಹಳ. ಪಕ್ಕದಲ್ಲಿ ನಿಂತರೆ ಕೂಗಿ ಮಾತಾಡಬೇಕು.

ಇದಕ್ಕೆ ಬದಲಾಗಿ ಹೊದಿಕೆಯಿರುವ, ಮೆಲ್ಲಗೆ ಓಡುವ ಮೂರು ಕೆವಿಎ ಇನ್ವರ್ಟರ್ ಜನರೇಟರ್ ಕೊಟ್ಟು "ಎರಡನ್ನೂ ಒಟ್ಟಿಗೆ ಹಾಕಬೇಡಿ, ಹಿಟ್ಟು ರುಬ್ಬುವಾಗ ಎ.ಸಿ. ಆಫ್ ಮಾಡಿ" ಎಂದು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಅದು ನನಗೆ ಹೊಳೆಯಲಿಲ್ಲ. ಲೆಕ್ಕ ಸರಿಯಾಗಿ ಬಂತೆಂಬ ಸಂತೋಷದಲ್ಲಿದ್ದೆ.

ಕೊನೆಗೆ ಅವರು ಕ್ಯಾರವಾನಿಗೆ ಜೋಡಿಸುವ ಕೇಬಲ್ ಕೇಳಿದರು. ಗೋಡೆಯ ಮೇಲೆ ಎರಡು ಇದ್ದವು, ಐದು ಮೀಟರಿನದು ಮತ್ತು ಹದಿನೈದು ಮೀಟರಿನದು. ಅವರು ಉದ್ದದ್ದಕ್ಕೆ ಕೈ ಹಾಕಿದ್ದರು. ಇದು ನನಗೆ ಸ್ಪಷ್ಟವಾಗಿ ನೆನಪಿದೆ.

"ಚಿಕ್ಕದೇ ತಗೊಳ್ಳಿ," ಎಂದೆ. "ಕೇಬಲ್ ಉದ್ದ ಆದಷ್ಟೂ ವೋಲ್ಟೇಜ್ ಇಳಿಯುತ್ತೆ. ಮೋಟಾರಿಗೆ ಒಳ್ಳೇದಲ್ಲ."

ಮಾತು ತಪ್ಪಲ್ಲ. ಆದರೆ ಹತ್ತು ಮೀಟರ್ ಹೆಚ್ಚಾದರೆ ಇಳಿಯುವ ವೋಲ್ಟೇಜು ಲೆಕ್ಕಕ್ಕೆ ಬರುವಷ್ಟಲ್ಲ. ಅವರು ಐದು ಮೀಟರಿನದನ್ನೇ ತೆಗೆದುಕೊಂಡರು.

ಎಲ್ಲಿ ಇಡುತ್ತೀರಿ ಎಂದು ನಾನು ಕೇಳಲಿಲ್ಲ. ಕೇಳಬೇಕೆಂಬುದು ಮರೆತುಹೋಗಿರಲಿಲ್ಲ. ಬಾಯಿಗೆ ಬಂದದ್ದನ್ನು ತಡೆದುಕೊಂಡೆ. ಎದುರಿಗಿದ್ದವರು ಗಣಿಯಲ್ಲಿ ಕೆಲಸ ಮಾಡುವವರು, ಓದಿದವರು. ಅಂಥವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಸೀಮೆಸುಣ್ಣದ ಚೌಕ ಬರೆದು, ಹೊಗೆ ವಿಷ ಎಂದು ಹೇಳಿದರೆ ಏನು ತಿಳಿದುಕೊಂಡಾರು? ನಮ್ಮವರಲ್ಲಿ ಒಬ್ಬ ಓದಿದವನು ಇನ್ನೊಬ್ಬ ಓದಿದವನಿಗೆ ಇಂಥದ್ದನ್ನು ಹೇಳುವುದಿಲ್ಲ. ಅದು ಮರ್ಯಾದೆ ಎಂದುಕೊಂಡಿದ್ದೆ.

ಶನಿವಾರ ಬೆಳಿಗ್ಗೆ ಹನ್ನೊಂದು ದಾಟಿತ್ತು. ಗ್ಲೆನಿಸ್ ಹಿಂದಿನ ದಿನದ ಬಿಲ್ಲುಗಳನ್ನು ನೋಡಿ ಶೆಲ್ಫಿನಲ್ಲಿ ಖಾಲಿಯಾದದ್ದನ್ನು ತುಂಬುತ್ತಿದ್ದರು. ಒಂದು ಬಿಲ್ಲು ಕೈಯಲ್ಲಿ ಹಿಡಿದುಕೊಂಡು ನನ್ನ ಬೆಂಚಿಗೆ ಬಂದರು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನೆನಪಿದ್ದಷ್ಟು ಕನ್ನಡದಲ್ಲಿ ಬರೆಯುತ್ತೇನೆ.

"ಈ ಆರು ಕೆವಿಎ ಯಾರಿಗೆ?"

"ನಮ್ಮ ಕಡೆಯವರು. ಕ್ಯಾರವಾನಿಗೆ."

"ಆರು ಕೆವಿಎ ಗಲಾಟೆ, ಐದು ಮೀಟರ್ ಕೇಬಲ್. ಎಲ್ಲಿ ಇಡ್ತಾರಂತೆ?"

"ಕೇಳಲಿಲ್ಲ."

"ಅನೆಕ್ಸ್ ಇದೆಯಾ?"

"ಇರಬಹುದು. ಗೊತ್ತಿಲ್ಲ."

"ಒಳಗೆ ಮಲಗೋರು ಯಾರಾದ್ರೂ ಇದಾರಾ? ವಯಸ್ಸಾದೋರು?"

"ಅವರ ಅತ್ತೆ ಬಂದಿದಾರೆ."

ಗ್ಲೆನಿಸ್ ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ನೆಟ್‌ವರ್ಕ್ ವ್ಯಾಪ್ತಿಯಲ್ಲಿಲ್ಲ ಎಂದು ಬಂತು. ಮೂರು ಬಾರಿ ಮಾಡಿದರು. ಆಮೇಲೆ ಮೆಕ್ಯಾನಿಕ್‌ಗೆ ಕೌಂಟರ್ ನೋಡಿಕೊಳ್ಳಲು ಹೇಳಿ ತಮ್ಮ ಯೂಟ್ ಎಂಬ ಪಿಕಪ್ ಗಾಡಿಯ ಬೀಗದ ಕೈ ತೆಗೆದುಕೊಂಡರು. "ಜಾಗ ಗೊತ್ತಾ ನಿಂಗೆ?" ಎಂದರು. ಜಾಗದ ಹೆಸರನ್ನು ಗುರುಪ್ರಸಾದ್ ಹೇಳಿದ್ದರು, ನಾನೂ ಒಮ್ಮೆ ಹೋಗಿದ್ದೆ. ಅಲ್ಲಿನ ಆಫೀಸಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಹೊರಟೆವು.

ದಾರಿಯಲ್ಲಿ ನಾನು ಎರಡು ಬಾರಿ ಹೇಳಿದೆ, ಅವರು ತಿಳಿದವರು, ಹೊರಗೇ ಇಟ್ಟಿರುತ್ತಾರೆ ಎಂದು.

"ಇಟ್ಟಿರ್ಲಿ," ಎಂದರು ಗ್ಲೆನಿಸ್. "ಅವರ ಹತ್ರ ಒಂದು ಲೋಟ ಟೀ ಕುಡಿದು ವಾಪಸ್ ಬರೋಣ."

ಸುಮಾರು ದೂರ ಹೋದ ಮೇಲೆ, ನಾನು ಕೇಳದೆಯೇ ಇನ್ನೊಂದು ಮಾತು ಹೇಳಿದರು. "ಕಿಲ್ಬರ್ನ್‌ನಲ್ಲಿದ್ದಾಗ ಒಂದ್ಸಲ ಹೀಗೇ ಫೋನ್ ಮಾಡ್ದೆ. ಯಾರೂ ಎತ್ತಲಿಲ್ಲ. ಸುಮ್ಮನಾದೆ." ಮುಂದೆ ಏನಾಯಿತೆಂದು ಅವರು ಅಂದು ಹೇಳಲಿಲ್ಲ, ಎಂದೂ ಹೇಳಲಿಲ್ಲ.

ಕ್ಯಾಂಪ್ ತಲುಪಿ ಗಾಡಿಯ ಬಾಗಿಲು ತೆರೆದಾಗ ಸೆಕೆ ಮುಖಕ್ಕೆ ಹೊಡೆಯಿತು. ಜನರೇಟರಿನ ಶಬ್ದ ಕೇಳಿಸಿತು, ಜನರೇಟರ್ ಕಾಣಲಿಲ್ಲ. ಕ್ಯಾರವಾನಿನಿಂದ ಹತ್ತು ಮೀಟರ್ ದೂರದ ಮರದ ನೆರಳಲ್ಲಿ ಗುರುಪ್ರಸಾದ್ ಅವರ ಹೆಂಡತಿ ಸುಮನಾ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕುಳಿತಿದ್ದರು. ಉಳಿದವರೆಲ್ಲ ನೀರಿಗೆ ಹೋಗಿದ್ದರು. ನಾನು ಕನ್ನಡದಲ್ಲಿ ಯಾರೆಂದು ಹೇಳಿಕೊಂಡು ಕೇಳಿದೆ.

"ಜನರೇಟರ್ ಎಲ್ಲಮ್ಮಾ?"

"ಅನೆಕ್ಸ್ ಒಳಗೆ ಅಂಕಲ್. ಮೊದ್ಲು ಹೊರಗೇ ಇಟ್ಟಿದ್ವಿ. ಪಕ್ಕದ ತಾತ ಬಂದು ಸೌಂಡ್ ಜಾಸ್ತಿ ಅಂದ್ರು, ಪಾಪ ಮರ್ಯಾದೆಯಾಗೇ ಹೇಳಿದ್ರು. ಇಂಡಿಯನ್ಸ್ ಬಂದ್ರೆ ಗಲಾಟೆ ಅಂತ ಅನ್ನಿಸ್ಕೋಬಾರ್ದಲ್ಲ. ಒಳಗೆ ತಳ್ಳಿ ಜಿಪ್ ಹಾಕಿದ್ವಿ. ಯಾಕೆ?"

"ಅಮ್ಮ ಎಲ್ಲಿ?"

"ಅಲ್ಲೇ ಕೂತು ಹಿಟ್ಟು ರುಬ್ತಿದ್ರು. ತಲೆನೋವು ಅಂದ್ರು. ಸೆಕೆಗೆ ಇರ್ಬೇಕು, ನಂಗೂ ಬಂತು. ಕ್ಯಾರವಾನಲ್ಲಿ ಎ.ಸಿ. ಹಾಕಿ ಮಲಗ್ಸಿದೀನಿ. ಒಂದು ಗಂಟೆ ಆಯ್ತು."

ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಇರಬೇಕಾದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಮಂಪರು ಬಂದವರು ಎದ್ದು ಹೊರಗೆ ಬರುವುದಿಲ್ಲ. ಕ್ಯಾರವಾನಿನ ಕಿಟಕಿಗಳನ್ನು ಎ.ಸಿ.ಗೆಂದು ಮುಚ್ಚಿದ್ದರು. ಆದರೆ ಒಳಗೆ ಗ್ಯಾಸ್ ಒಲೆ ಇರುವ ಕ್ಯಾರವಾನಿಗೆ ಬಾಗಿಲ ಕೆಳಭಾಗದಲ್ಲಿ ಗಾಳಿಕಿಂಡಿ ಇರುತ್ತದೆ, ಅದನ್ನು ಮುಚ್ಚುವಂತಿಲ್ಲ. ಆ ಬಾಗಿಲು ತೆರೆಯುವುದು ಅನೆಕ್ಸಿನೊಳಕ್ಕೆ. ಅಂದರೆ ನೋವು ಕಡಿಮೆಯಾಗಲೆಂದು ಮಗಳು ತಾಯಿಯನ್ನು ಮಲಗಿಸಿದ್ದು ಹೊಗೆ ಬಂದು ತುಂಬಿಕೊಳ್ಳುವ ಜಾಗದಲ್ಲಿ.

ಸುಮನಾ ಹೇಳಿದ್ದನ್ನು ನಾನು ಗ್ಲೆನಿಸ್‌ಗೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವ ಮೊದಲೇ ಅವರು ನಡೆಯತೊಡಗಿದ್ದರು. ಅನೆಕ್ಸ್ ಹತ್ತಿರ ಬಂದು ನನಗೆ ಹೇಳಿದರು:

"ನೀನು ಸ್ವಿಚ್ ಆಫ್ ಮಾಡು. ನಾನು ಅವರನ್ನ ತರ್ತೀನಿ. ಉಸಿರು ಹಿಡ್ಕೋ."

ಜಿಪ್ ಎಳೆದು, ಕ್ಯಾನ್ವಾಸಿನ ಎರಡು ಗೋಡೆಗಳನ್ನು ಕಿತ್ತು ಪಕ್ಕಕ್ಕೆ ಎಸೆದು, ಒಳಗೆ ಹೋದರು.

ನಾನು ನಿಂತಿದ್ದೆ. ಮೊದಲೇ ಹೇಳಿದೆನಲ್ಲ, ನಾಲ್ಕು ಹೆಜ್ಜೆ ದೂರದಲ್ಲಿ. ಜನರೇಟರಿನ ಕೆಂಪು ಸ್ವಿಚ್ ನನಗೆ ಕಾಣುತ್ತಿತ್ತು. ಪಕ್ಕದಲ್ಲಿ ಗ್ರೈಂಡರ್, ಬಟ್ಟೆ ಮುಚ್ಚಿದ ಹಿಟ್ಟಿನ ಪಾತ್ರೆ. ಎಷ್ಟು ಹೊತ್ತು ನಿಂತಿದ್ದೆನೆಂದು ಹೇಳಲಾರೆ. ಸುಮನಾ "ಅಮ್ಮಾ" ಎಂದು ಕೂಗಿ ನನ್ನನ್ನು ದಾಟಿ ಓಡಿದಾಗ ಎಚ್ಚರವಾಯಿತು. ಅಷ್ಟರಲ್ಲಿ ಗ್ಲೆನಿಸ್ ರುಕ್ಮಿಣಮ್ಮನವರ ಎರಡೂ ಕಂಕುಳಲ್ಲಿ ಕೈ ಹಾಕಿ, ಹಿಂದೆ ಹಿಂದೆ ನಡೆಯುತ್ತ ಮೆಟ್ಟಿಲು ಇಳಿಸುತ್ತಿದ್ದರು. ನಾನು ಸ್ವಿಚ್ ಒತ್ತಿದ್ದು ಆಮೇಲೆ. ಇದನ್ನು ಬೇರೆ ರೀತಿಯಲ್ಲಿ ಹೇಳಿಕೊಳ್ಳಲು ಎಷ್ಟೋ ಸಲ ಮನಸ್ಸಾಗಿದೆ. ನಡೆದದ್ದು ಹೀಗೆ.

ಮರದ ಕೆಳಗೆ ಮಲಗಿಸಿದೆವು. ಉಸಿರಿತ್ತು. ಕಣ್ಣು ಬಿಡಲಿಲ್ಲ. ಗ್ಲೆನಿಸ್ ರುಕ್ಮಿಣಮ್ಮನವರನ್ನು ಒಂದು ಮಗ್ಗುಲಿಗೆ ತಿರುಗಿಸಿ, ಗದ್ದ ಸ್ವಲ್ಪ ಎತ್ತಿ ಹಿಡಿದರು. ಗ್ಲೆನಿಸ್‌ಗೂ ಏದುಸಿರು ಬರುತ್ತಿತ್ತು. ಶಬ್ದ ಹೆಚ್ಚೆಂದು ಹೇಳಿದ್ದ ಪಕ್ಕದ ಮುದುಕರು ಓಡಿ ಬಂದರು. ಅವರ ಹೆಸರು ರಾನ್. ಗ್ಲೆನಿಸ್ ತಲೆ ಎತ್ತದೆ "ಆಂಬುಲೆನ್ಸ್" ಎಂದರು. ರಾನ್ ತಮ್ಮ ಗಾಡಿಯಲ್ಲಿ ಕ್ಯಾಂಪ್ ಆಫೀಸಿಗೆ ಹೋಗಿ ಅಲ್ಲಿನ ಲ್ಯಾಂಡ್‌ಲೈನಿನಿಂದ ಫೋನ್ ಮಾಡಿದರು.

"ಮಾತಾಡ್ತಾ ಇರು ಅವಳ ಹತ್ರ," ಎಂದು ಗ್ಲೆನಿಸ್ ಸುಮನಾಗೆ ಹೇಳಿದರು. "ನಿಮ್ಮ ಭಾಷೇಲಿ."

"ಅಮ್ಮಾ, ಏಳಮ್ಮಾ. ಹಿಟ್ಟು ಉಕ್ಕುತ್ತೆ ನೋಡು. ಅಮ್ಮಾ, ಉಪ್ಪು ಹಾಕಿದ್ಯಾ ಇಲ್ವಾ ಹೇಳು. ನಂಗೊತ್ತಿಲ್ಲ, ನೀನೇ ಹೇಳ್ಬೇಕು." ಸುಮನಾ ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.

ಗುರುಪ್ರಸಾದ್ ನೀರಿನಿಂದ ಬಂದು ಒದ್ದೆ ಬಟ್ಟೆಯಲ್ಲೇ ಅತ್ತೆಯ ಕಾಲ ಬಳಿ ಕುಳಿತುಬಿಟ್ಟರು. ಎರಡು ಗಂಟೆ ದಾಟಿದ ಮೇಲೆ ರುಕ್ಮಿಣಮ್ಮ ವಾಂತಿ ಮಾಡಿಕೊಂಡರು. ಆಮೇಲೆ ಕಣ್ಣು ಬಿಟ್ಟರು. ಎರಡೂ ಇಪ್ಪತ್ತಕ್ಕೆ ಆಂಬುಲೆನ್ಸಿನವರು ಬಂದು ಆಮ್ಲಜನಕ ಹಾಕಿದರು. ಸುಮನಾಗೂ ಹಾಕಿದರು, ಗ್ಲೆನಿಸ್‌ಗೂ ಸ್ವಲ್ಪ ಹೊತ್ತು. ಇನ್ನೆಷ್ಟು ಹೊತ್ತು ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ನಾನು ಆಂಬುಲೆನ್ಸಿನವರನ್ನು ಕೇಳಿದೆ. ಅವರು ಸ್ಟ್ರೆಚರಿನ ಒಂದು ತುದಿ ಹಿಡಿಯಲು ನನಗೆ ಹೇಳಿದರು.

ರುಕ್ಮಿಣಮ್ಮ ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು.

ಮುಂದಿನ ಶನಿವಾರ ಗುರುಪ್ರಸಾದ್ ಜನರೇಟರ್ ಹಿಂದಿರುಗಿಸಲು ಬಂದರು. ಜೊತೆಗೆ ಸುಮನಾ, ರುಕ್ಮಿಣಮ್ಮ. ನಾನು ಅವರಿಗೆ, ಅಂದು ಕೇಳಬೇಕಾದ್ದನ್ನು ಬೇಕೆಂದೇ ಕೇಳಲಿಲ್ಲ, ನೀವು ಏನೆಂದುಕೊಳ್ಳುತ್ತೀರೋ ಎಂದು ಸುಮ್ಮನಾದೆ ಎಂದು ಹೇಳಿದೆ.

ಗುರುಪ್ರಸಾದ್ ಬಿಲ್ಲನ್ನು ಕೌಂಟರಿನ ಮೇಲಿಟ್ಟರು. "ನೀವು ಹೇಳಿದ್ರೆ ನಂಗೆ ಬೇಜಾರೇ ಆಗ್ತಿತ್ತು ಸರ್. ಆದ್ರೂ ಹೇಳ್ಬೇಕಿತ್ತು," ಎಂದರು. ಮತ್ತೆ ಅವರೇ ಹೇಳಿದರು, "ಗಣೀಲಿ ಗ್ಯಾಸ್ ಅಳೆಯೋ ಮೀಟರ್ ಇರುತ್ತೆ, ನೋಡ್ಕೊಳ್ಳೋಕೆ ಬೇರೆಯವ್ರು ಇರ್ತಾರೆ. ಇದು ಬಟ್ಟೆ ಗೋಡೆ ಅಲ್ವಾ, ಗಾಳಿ ಆಡುತ್ತೆ ಅಂದ್ಕೊಂಡೆ. ಏನ್ ಓದಿ ಏನ್ ಬಂತು."

ಗ್ಲೆನಿಸ್ ಗುರುಪ್ರಸಾದರನ್ನು ಅಂಗಳಕ್ಕೆ ಕರೆದುಕೊಂಡು ಹೋದರು. ಒಂದು ಆಕ್ಷೇಪದ ಮಾತೂ ಆಡದೆ, ಹೊಸ ಗಿರಾಕಿಗೆ ಹೇಳುವ ಹಾಗೆಯೇ ಹೇಳಿದರು. ಮೂರು ಕೆವಿಎ ಇನ್ವರ್ಟರ್ ಜನರೇಟರನ್ನು ಗುರುಪ್ರಸಾದ್ ಸೀಮೆಸುಣ್ಣದ ಚೌಕದಿಂದ ದೂರ, ಇನ್ನೂ ದೂರ ಎಳೆದರು. ಹದಿನೈದು ಮೀಟರ್ ಕೇಬಲ್ಲಿನ ತುದಿಯವರೆಗೂ ಎಳೆದರು. ಹೊಗೆ ಕೊಳವೆಯನ್ನು ಆಚೆ ದಿಕ್ಕಿಗೆ ತಿರುಗಿಸಿದರು. ಜೊತೆಗೆ ಗ್ಲೆನಿಸ್ ಕ್ಯಾರವಾನಿನ ಒಳಗೆ ಹಾಕಲು ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೊಟ್ಟರು. ಅಲಾರಂ ಇದೆಯೆಂದು ಜನರೇಟರನ್ನು ಹತ್ತಿರ ತರಬಾರದು ಎಂದೂ ಹೇಳಿದರು.

ರುಕ್ಮಿಣಮ್ಮ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು.

"ಇವಳೇ ಏನು ನನ್ನ ಎಳ್ಕೊಂಡು ಬಂದವಳು?" ಎಂದು ನನ್ನನ್ನು ಕೇಳಿದರು.

"ಹೌದಮ್ಮಾ."

"ಕಂಕುಳು ಇನ್ನೂ ನೋಯ್ತಿದೆ ಅಂತ ಹೇಳಪ್ಪಾ ಅವಳಿಗೆ. ಎಮ್ಮೆ ಎಳೆದ ಹಾಗೆ ಎಳೆದಿದಾಳೆ."

ಹೇಳಿದೆ. ಗ್ಲೆನಿಸ್ ಜೋರಾಗಿ ನಕ್ಕು, ಮುಂದಿನ ಸಲ ಮೆತ್ತಗೆ ಎಳೀತೀನಿ ಅಂತ ಹೇಳು ಎಂದರು. ರುಕ್ಮಿಣಮ್ಮ ಚೀಲದಿಂದ ಕುಂಕುಮದ ಭರಣಿ ತೆಗೆದು ಗ್ಲೆನಿಸ್ ಹಣೆಗೆ ಇಟ್ಟು, ಒಂದು ತೆಂಗಿನಕಾಯಿ, ಹಸಿರು ಕುಪ್ಪಸದ ಖಣ ಕೊಟ್ಟರು. ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಗ್ಲೆನಿಸ್ ಎರಡೂ ಕೈಯಲ್ಲಿ ತೆಗೆದುಕೊಂಡರು. ಅಂದು ಅಂಗಡಿ ಮುಚ್ಚುವವರೆಗೂ ಕುಂಕುಮ ಹಣೆಯಲ್ಲೇ ಇತ್ತು. ಕೇಳಿದ ಗಿರಾಕಿಗಳಿಗೆ "ಪ್ರೈಜ್ ಬಂದಿದೆ" ಎಂದರು.

ನನ್ನ ಬಗ್ಗೆ ಗ್ಲೆನಿಸ್ ಯಾರಿಗೂ ದೂರು ಹೇಳಲಿಲ್ಲ. ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಬಿಟ್ಟದ್ದನ್ನು ಅವರು ಕಂಡಿದ್ದರು. ಒಂದು ದಿನ ನಾನೇ ಎತ್ತಿದಾಗ "ಮೊದಲ ಸಲ ಎಲ್ಲರೂ ನಿಲ್ತಾರೆ. ಅದಕ್ಕೇ ಅಂಗಳದಲ್ಲಿ ಮೊದಲೇ ಮಾಡಿಸೋದು," ಎಂದು ಕೆಲಸಕ್ಕೆ ತಿರುಗಿದರು. ಇಪ್ಪತ್ತು ನಿಮಿಷದ ಆ ನಾಟಕ ಯಾತಕ್ಕೆಂದು ನನಗೆ ತಿಳಿದದ್ದು ಆಗ.

2016ರಲ್ಲಿ ನನ್ನನ್ನು ಬ್ರಿಸ್ಬೇನ್ ಶಾಖೆಗೆ ಕಳಿಸಿದರು. ನಿವೃತ್ತಿಯಾಗುವವರೆಗೆ ಅಲ್ಲಿದ್ದೆ. ಕ್ಯಾಂಪಿಂಗಿಗೆ ಜನರೇಟರ್ ಕೇಳಿದ ಪ್ರತಿಯೊಬ್ಬರನ್ನೂ, ವ್ಯಾಟ್ ಲೆಕ್ಕಕ್ಕೆ ಮೊದಲು, ಎಲ್ಲಿ ಇಡುತ್ತೀರಿ ಎಂದು ಕೇಳಿದೆ. ಡಾಕ್ಟರುಗಳಿದ್ದರು, ಪ್ರೊಫೆಸರುಗಳಿದ್ದರು, ಪವರ್ ಸ್ಟೇಷನ್ನಿನಲ್ಲಿ ದುಡಿದವರಿದ್ದರು. ಕೆಲವರಿಗೆ ಕೋಪ ಬಂತು. ಒಬ್ಬರು "ನನಗೇ ಹೇಳಿಕೊಡ್ತೀರಾ?" ಎಂದು ಎದ್ದುಹೋಗಿ ಬೇರೆ ಅಂಗಡಿಯಲ್ಲಿ ಕೊಂಡರು. ಅವರಿಗೂ ಬಾಗಿಲವರೆಗೆ ಹೋಗಿ ಹೇಳಿದೆ. ಎದುರಿಗಿರುವವರಿಗೆ ತಿಳಿದಿರುತ್ತದೆ ಎಂದು ಒಂದು ಪ್ರಶ್ನೆಯನ್ನು ನುಂಗಿಕೊಳ್ಳುವುದು ಅವರಿಗೆ ಕೊಡುವ ಗೌರವವಲ್ಲ, ನನ್ನ ಮುಜುಗರವನ್ನು ನಾನು ಉಳಿಸಿಕೊಳ್ಳುವುದು ಅಷ್ಟೆ. ಈ ಕೆಲಸ ನನಗೆ ಕಲಿಸಿದ್ದು ಇದು. ಕಲಿಸಿದವರು ಗ್ಲೆನಿಸ್.

ಗ್ಲೆನಿಸ್ 2018ರಲ್ಲಿ ಅಡಿಲೇಡ್‌ನಲ್ಲಿ, ತಂಗಿಯ ಮನೆಯಲ್ಲಿ, ಹೃದಯದ ಕಾಯಿಲೆಯಿಂದ ತೀರಿಕೊಂಡರು. ರಾನ್ ಅವರಿಗೆ ಅಂದೇ ಎಂಬತ್ತರ ಹತ್ತಿರ, ಆಮೇಲೆ ಅವರ ಸುದ್ದಿ ತಿಳಿಯಲಿಲ್ಲ. ಅಂದು ಆ ಮರದ ಕೆಳಗಿದ್ದು ಕಂಡವರಲ್ಲಿ ಗುರುಪ್ರಸಾದ್ ಇದ್ದಾರೆ, ಸುಮನಾ ಇದ್ದಾರೆ, ಇಬ್ಬರೂ ಪರ್ತ್‌ನಲ್ಲೇ. ನಾನಿದ್ದೇನೆ. ರುಕ್ಮಿಣಮ್ಮ ಏನನ್ನೂ ಕಾಣಲಿಲ್ಲ, ಕಣ್ಣು ಮುಚ್ಚಿದ್ದರು. ಅವರು ಮೈಸೂರಿನಲ್ಲಿದ್ದಾರೆ.